ಟಿಕೆಟ್ಟು

ನಾನು ಕೇಳಿಸಿಕೊಂಡದ್ದು ‘ಮುಗಿಯಿತು’ ಎಂದು.
ಡಾಕ್ಟರು ಅಂದದ್ದು ‘ನಿಲ್ಲಿಸೋಣ’.
ಆ ಎರಡು ಮಾತಿನ ನಡುವೆ
ಕಂಕನಾಡಿಯಿಂದ ತೊಕ್ಕೊಟ್ಟಿಗೆ
ಬಸ್ಸಿನಲ್ಲಿ ನಿಂತೇ ಬಂದೆ.
ಅಮ್ಮನಿಗೆ ಸೀಟು ಸಿಕ್ಕಿತ್ತು.

ನೇತ್ರಾವತಿ ಸೇತುವೆಯ ಮೇಲೆ ಕೇಳಿದಳು:
‘ತಿಂಗಳೋ, ವರ್ಷವೋ?’
ಗಾಳಿಗೆ ಕೇಳಿಸದ ಹಾಗೆ ಹೊರಗೆ ನೋಡಿದೆ.
‘ತಿಂಗಳು’ ಎಂದು ತಾನೇ ಹೇಳಿಕೊಂಡು
ಟಿಕೆಟ್ಟನ್ನು ಸುರುಳಿ ಸುತ್ತತೊಡಗಿದಳು.
ನಲವತ್ತು ವರ್ಷ ಬೀಡಿ ಕಟ್ಟಿದ ಬೆರಳು,
ಕೀಮೋಗೆ ಮರಗಟ್ಟಿ
ಎಲೆಯೋ ಕಾಗದವೋ ತಿಳಿಯದ ಬೆರಳು.

ಬಿಚ್ಚಿಕೊಂಡಿತು. ಮತ್ತೆ ಸುತ್ತಿದಳು.

‘ಬ್ರಾಂಚಿನ ಸಂಜೀವಣ್ಣನಿಗೆ ಹೇಳು,
ಈ ವಾರದಿಂದ ಎಲೆ ಬೇಡ.
ಕತ್ತರಿ ಇರಲಿ,
ನಿನಗೆ ಬಂಗುಡೆಯ ರೆಕ್ಕೆ ಕತ್ತರಿಸಲಿಕ್ಕಾಯಿತು.’

ಇಳಿಯುವಾಗ ನನ್ನ ಕೈಗಿತ್ತಳು:
ಬೀಡಿಯಷ್ಟೇ ಸಪೂರ,
ಕಟ್ಟಲು ನೂಲಿಲ್ಲ.
ಬೆರಳು ಸಡಿಲಿಸದೆ
ಮನೆಯವರೆಗೂ ನಡೆದೆ.