ಎತ್ತಿ ನೋಡಿ

ಜುಮಾ ಮುಗಿಸಿ ಬಂದ ಹಮ್ಮಬ್ಬ
ಶಟರನ್ನು ಅರ್ಧ ಎತ್ತಿ, ಬಗ್ಗಿ ಒಳಗೆ ಹೋಗಿ,
ಕತ್ತಲಿನಿಂದಲೇ ಕೇಳಿದ:
"ಯಾವ ಬೈಕು ಎಂದು ಆಮೇಲೆ ನೋಡುವ, ಸಿಸ್ಟರೇ.
ನಿಮಗೆ ಹೋಗಲಿಕ್ಕಿರುವುದು ಎಲ್ಲಿಗೆ?"

ವಾದಿ ಕಬೀರಿನ ಗ್ಯಾರೇಜು ಸಾಲು. ಹೊರಗೆ ನಲವತ್ನಾಲ್ಕು ಡಿಗ್ರಿ.
ನಾನು ಹನ್ನೊಂದು ವರ್ಷ ಆಸ್ಪತ್ರೆಯ ವ್ಯಾನಿನಲ್ಲಿ ಹೋಗಿ ಬಂದವಳು;
ಅದರಲ್ಲಿ ಕಿಟಕಿ ಬದಿಯ ಸೀಟಿಗೂ ಸೀನಿಯಾರಿಟಿ ಬೇಕು.
ಡಯಾಲಿಸಿಸ್ ವಾರ್ಡು, ರಾತ್ರಿ ಪಾಳಿ:
ಬೇರೆಯವರ ರಕ್ತ ಹೊರಗೊಂದು ಸುತ್ತು ಹೋಗಿ
ಮನೆಗೆ ಮರಳುವುದನ್ನು ಕಾದು ಕೂರುವ ಕೆಲಸ.

ಎಲ್ಲಿಗೆ ಎಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.
ಉತ್ತರವಿಲ್ಲದೆ ಕೆಂಪು ಬೈಕಿನ ಕಡೆ ಕೈ ತೋರಿಸಿದೆ.
ಚೂಪು ಮೂತಿ. ನಿಂತಲ್ಲೇ ಓಡುತ್ತಿದ್ದ ಹಾಗಿತ್ತು.

"ಅದರ ಮೇಲೆ ಕೂರುವುದಲ್ಲ, ಸಾಷ್ಟಾಂಗ ಬೀಳುವುದು.
ರಾತ್ರಿಯಿಡೀ ಸೂಜಿ ಹಿಡಿದು ಬಗ್ಗಿದ ಸೊಂಟ
ಬೆಳಿಗ್ಗೆ ಮತ್ತೆ ಬಗ್ಗಬೇಕಾ?
ಮತ್ತೆ ಜೂನಿನಲ್ಲಿ, ಸಿಗ್ನಲಿನಲ್ಲಿ ನಿಂತಷ್ಟು ಹೊತ್ತು
ಅದರ ಎಂಜಿನು ತೊಡೆಗೆ ಇಸ್ತ್ರಿ ಹಾಕ್ತದೆ."

ಕ್ರೂಸರಿನ ಕ್ರೋಮಿನಲ್ಲಿ ನನ್ನ ಮುಖ ಹಲಸಿನ ಹಣ್ಣಾಗಿತ್ತು.
"ಸುಖ ಉಂಟು. ನೇರ ದಾರಿಗೆ.
ಕುರಿಯಾತಿನ ತಿರುವಿನಲ್ಲಿ ಆಡು ಅಡ್ಡ ಬಂದರೆ
ಆಡೇ ಬುದ್ಧಿ ಓಡಿಸಬೇಕು."

ಮರಳಿಗೆಂದೇ ಹುಟ್ಟಿದ ಇನ್ನೊಂದು, ಒಂಟೆಯಷ್ಟು ಎತ್ತರ.
ಹತ್ತಿ ಕೂತೆ. ಕಾಲ್ಬೆರಳು ನೆಲ ಹುಡುಕಿ ಹುಡುಕಿ
ಬರಿ ಗಾಳಿಯನ್ನು ಮುಟ್ಟಿದವು.
ಅವ ಏನೂ ಹೇಳಲಿಲ್ಲ. ಕೆಮ್ಮಿದ.

ಆಮೇಲೆ ಒಂದು ಹಳೆಯ ಟಯರು ಹಾಸಿ
ಅದೇ ಎತ್ತರದ ಬೈಕನ್ನು ಅದರ ಮೇಲೆ ಮೆಲ್ಲ ಮಲಗಿಸಿದ,
ಜ್ವರದ ಮಗುವನ್ನು ಮಲಗಿಸುವಂತೆ.
"ಬೈಕು ಬೀಳದೆ ಇರುವುದಿಲ್ಲ. ಸೂರ್ ದಾರಿಯಲ್ಲಿ
ಎತ್ತಿ ಕೊಡಲಿಕ್ಕೆ ನಾನು ಇರುವುದಿಲ್ಲ.
ಎತ್ತಲಿಕ್ಕೆ ಆಗುವುದೇ ನಿಮ್ಮ ಬೈಕು.
ಎತ್ತಿ ನೋಡಿ."

ಇನ್ನೂರು ಕಿಲೋ. ಅವನ ಇಬ್ಬರು ಹುಡುಗರು
ಸ್ಪಾನರು ಕೆಳಗಿಟ್ಟು ನೋಡಲು ನಿಂತರು.

ನನಗೆ ನೆನಪಾದದ್ದು ಮೂರನೇ ಬೆಡ್ಡಿನ ಝುವೈನಾ ಅಜ್ಜಿ.
ಸೊಂಟದಿಂದ ಎತ್ತಿದರೆ ಇಬ್ಬರೂ ಬೀಳುತ್ತೇವೆ, ಗೊತ್ತು.
ಬೈಕಿಗೆ ಬೆನ್ನು ಕೊಟ್ಟೆ. ಮೊಣಕಾಲು ಮಡಚಿ
ಸೀಟಿನ ಅಂಚಿಗೆ ಕುಂಡೆ ಒತ್ತಿ, ಹ್ಯಾಂಡಲು ಒಂದು ಕೈಯಲ್ಲಿ,
ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ.
"ಯಲ್ಲಾ, ಉಮ್ಮೀ" ಎಂದು ಬಾಯಿಗೆ ತಾನಾಗಿ ಬಂತು.
ಅಜ್ಜಿ ಎದ್ದು ನಿಂತಳು. ಅಂದರೆ, ಬೈಕು.

ಕ್ರೂಸರನ್ನೂ ಮಲಗಿಸಿದ. ಅದೂ ಎದ್ದಿತು.
ಕೆಂಪಗಿನದು ತಕರಾರಿಲ್ಲದೆ ಎದ್ದಿತು.
ಹುಡುಗರಲ್ಲಿ ಒಬ್ಬ ಚಪ್ಪಾಳೆ ಹೊಡೆದು ಬೈಗುಳ ತಿಂದ.

"ಮಾರಾಯ್ತಿ" ಎಂದ ಹಮ್ಮಬ್ಬ, ಸಿಸ್ಟರ್ ಮರೆತು,
ಟೊಪ್ಪಿ ತೆಗೆದು ತಲೆ ತುರಿಸಿಕೊಂಡು,
"ಇಪ್ಪತ್ತಾರು ವರ್ಷದ ನನ್ನ ಲೆಕ್ಕ ಹಾಳು ಮಾಡಿದಿರಿ.
ಈಗ ಮತ್ತೆ ಅಲ್ಲಿಗೇ ಬಂತಲ್ಲ.
ಹೋಗಲಿಕ್ಕೆ ಎಲ್ಲಿಗೆ?"

ಘಾಲಾದಿಂದ ಮನೆಗೆ, ಎಂದೆ.
ಅಷ್ಟೆಯಾ?
ಅಷ್ಟೆ. ಆದರೆ ಕಡಲ ಬದಿಯಿಂದ. ಮುತ್ರಾದಲ್ಲಿ
ಮೀನು ಇಳಿಸುವ ಹೊತ್ತಿಗೆ ಒಂದು ಕರಕ್ ಚಾ.
ವ್ಯಾನು ನಿಲ್ಲದ ಕಡೆಯಲ್ಲೆಲ್ಲ
ನಿಲ್ಲಲಿಕ್ಕೆ ಬೇಕು ನನಗೆ.

ಬಹಳ ಹೊತ್ತು ಕೈ ಒರೆಸಿದ, ಇದ್ದ ಎಣ್ಣೆ ಹೋದ ಮೇಲೂ.
ಮೂಲೆಯಲ್ಲಿ ಬೂದಿ ಬಣ್ಣದ ಇನ್ನೂರೈವತ್ತರ ಕಡೆ
ಗಲ್ಲ ಎತ್ತಿದ. ನಾನು ಅದನ್ನು ನೋಡಿಯೇ ಇರಲಿಲ್ಲ.
"ನಿಝ್ವಾದ ಮೇಷ್ಟ್ರು ಒಬ್ಬರು ಓಡಿಸಿದ್ದು. ಓಟ ಸಾಧಾರಣ.
ಸ್ಟ್ಯಾಂಡು ಮಾತ್ರ ಭಾರಿ ಗಟ್ಟಿ ಉಂಟು."

ಕೇಳದೆಯೇ ಇಪ್ಪತ್ತು ರಿಯಾಲ್ ಇಳಿಸಿದ.
ಹೆಲ್ಮೆಟಿನ ಪಟ್ಟಿ ಬಿಗಿದು, ಕನ್ನಡಿ ಸರಿಮಾಡಿಕೊಂಡೆ.
ಅದರಲ್ಲಿ ಕಂಡ: ಕ್ರೂಸರನ್ನು ಮತ್ತೆ ಮಲಗಿಸಿ,
ಹುಡುಗರನ್ನು ಊಟಕ್ಕೆ ಓಡಿಸಿ,
ಅದಕ್ಕೆ ಬೆನ್ನು ಕೊಟ್ಟು
ಅರವತ್ತೆರಡರ ಮೊಣಕಾಲುಗಳನ್ನು
ಮೆಲ್ಲ ಮಡಚುತ್ತಿದ್ದ.