ಕಾಣುತ್ತದೆಯೇ

ಎಲ್ಲರೂ ಕೇಳುವುದು ಒಂದೇ: ಬೆಸೆದರೆ ಓಡಿಸಬಹುದೇ?
ಗುರಾಮ್ ಹಾಗೆ ಕೇಳಲಿಲ್ಲ.
ಚಕ್ರವನ್ನು ನನ್ನ ಮೇಜಿಗೆ ಒರಗಿಸಿ ನಿಲ್ಲಿಸಿ,
"ಬೆಸೆದು ಬಣ್ಣ ಬಳಿದ ಮೇಲೆ ಕಾಣುತ್ತದೆಯೇ?" ಎಂದ.

ಹೊರಗೆ ರುಸ್ತಾವಿಯ ಮಧ್ಯಾಹ್ನ.
ಕಾರು ಸಂತೆಯಲ್ಲಿ, ಹಡಗಿನಲ್ಲಿ ಬಂದ ಗಾಡಿಗಳು
ಬೇರೆ ದೇಶದ ಅಪಘಾತಗಳನ್ನು ಮೈಮೇಲೆ ಹೊತ್ತು
ಗಿರಾಕಿಗಾಗಿ ಮೈ ತೊಳೆಸಿಕೊಳ್ಳುತ್ತಿದ್ದವು.

ನಾನು ಮೊದಲು ನೋಡುವುದಿಲ್ಲ, ಕೇಳುತ್ತೇನೆ.
ನಡುವಿನ ತೂತಿಗೆ ಹಗ್ಗ ಪೋಣಿಸಿ ತೂಗುಹಾಕಿ
ಮರದ ಸುತ್ತಿಗೆಯಿಂದ ಮೆಲ್ಲಗೆ ಒಂದು ಏಟು.
ಗಟ್ಟಿ ಚಕ್ರವಾದರೆ ದನಿ ಹೊರಟು, ಗೋಡೆ ಮುಟ್ಟಿ,
ನನ್ನ ಹಲ್ಲುಗಳಲ್ಲಿ ಸ್ವಲ್ಪ ಹೊತ್ತು ಕೂತು ಹೋಗುತ್ತದೆ.
ಇದು ಒಡಕು ಗಡಿಗೆಯ ಹಾಗೆ
ಟಪ್ ಎಂದು ಅಲ್ಲೇ ಸತ್ತಿತು.

ಆಮೇಲೆ ಕೆಂಪು ಬಣ್ಣ ಸವರಿ, ಹತ್ತು ನಿಮಿಷ ಬಿಟ್ಟು ಒರೆಸಿ,
ಬಿಳಿ ಪುಡಿ ಸಿಂಪಡಿಸಿದೆ.
ಬಿಳಿಯೊಳಗಿಂದ ಕೆಂಪು ತಾನಾಗಿ ಎದ್ದು ಬಂತು,
ಸುಳ್ಳು ಹೇಳಿ ಸಿಕ್ಕಿಬಿದ್ದವನ ಕೆನ್ನೆಯ ಹಾಗೆ.
ಅಂಚಿನಲ್ಲಿದ್ದರೆ ಬೇರೆ ಮಾತು.
ಅಂಚಿನ ಸೀಳನ್ನು ಅದರ ಕೊನೆಯವರೆಗೂ ಕೊರೆದು, ಕಾಯಿಸಿ,
ಆರ್ಗಾನ್ ಗಾಳಿಯ ಮರೆಯಲ್ಲಿ ಬೆಸೆದು, ನಿಧಾನ ಆರಿಸಿದರೆ
ನಡೆದೀತು.
ನಡೆದೀತು ಎಂದೆ, ನಡೆಯುತ್ತದೆ ಎನ್ನಲಿಲ್ಲ.
ಇದು ಕಡ್ಡಿ ಬಳೆಗೆ ಕೂಡುವ ಬುಡದಲ್ಲಿತ್ತು,
ಭಾರವೆಲ್ಲ ತಿರುಗಿ ತಿರುಗಿ ಬಂದು ಇಳಿಯುವ ಜಾಗದಲ್ಲಿ.

"ಇದನ್ನು ನಾನು ಬೆಸೆಯುವುದಿಲ್ಲ."
"ನೀನಲ್ಲದಿದ್ದರೆ ಇನ್ನೊಬ್ಬ" ಎಂದ. ನಿಜವೇ.
ಒಂದೇ ಬೀದಿಯಲ್ಲಿ ಹನ್ನೊಂದು ಜನ ಇದ್ದೇವೆ,
ಕಾದ ಲೋಹಕ್ಕೂ ಸಾಲಕ್ಕೂ ಕಣ್ಣು ಕಿರಿದು ಮಾಡಿಕೊಂಡವರು.

ಒಂದು ಮಾತು ಮುಚ್ಚಿಡಬಾರದು:
ನನ್ನ ಗಾಡಿಯ ಹಿಂದಿನ ಎಡಚಕ್ರವೂ ಬೆಸೆದದ್ದೇ.
ಅಂಚಿನ ಸೀಳು. ಒಂಬತ್ತು ವರ್ಷದ ಹಿಂದೆ ನನ್ನ ಗುರು ಅಮಿರಾನ್ ಬೆಸೆದದ್ದು.
ಅದರ ಮೇಲೆ ಗೊಂಬೋರಿ ಘಾಟಿ ಹತ್ತಿ ಇಳಿದಿದ್ದೇನೆ,
ದ್ರಾಕ್ಷಿ ತುಂಬಿಕೊಂಡು, ಮಂಜಿನಲ್ಲಿ,
ಹೆಂಡತಿಯೊಡನೆ ಜಗಳವಾಡುತ್ತ.
ಪ್ರತಿ ಸೋಮವಾರ ಬಗ್ಗಿ ಅದರ ಒಳಮೈ ಸವರುತ್ತೇನೆ.
ಅದು ನಂಬಿಕೆಯೋ ಅನುಮಾನವೋ, ಬೆರಳಿಗೆ ಗೊತ್ತಿಲ್ಲ.
ಆಸ್ಪತ್ರೆಯ ಹಾಸಿಗೆಯಲ್ಲಿ ಅಮಿರಾನ್ ಕೇಳಿದ್ದೂ ಅದನ್ನೇ,
"ಗಾಳಿ ಇಳಿಯುತ್ತಿದೆಯಾ?"
ಇಲ್ಲ ಎಂದಿದ್ದೆ.

ದ್ರಾಕ್ಷಿ ಕೊಯ್ಲು ಮುಗಿದ ಮೇಲೆ
ಸಾಗರೆಜೋ ಕಡೆಯಿಂದ ತ್ಸಿಯಾಲಾ ಎಂಬ ನರ್ಸು ಬಂದಳು.
"ಮುಂದಿನ ಬಲಚಕ್ರ. ಮೂರು ದಿನಕ್ಕೊಮ್ಮೆ ಗಾಳಿ ತುಂಬಬೇಕು.
ಟೈರು ಹೊಸದು, ಆದರೂ."
ಕಪ್ಪು ಬಣ್ಣ, ಕನ್ನಡಿಯ ಹೊಳಪು. ನನ್ನ ಮೂಗು ಕಂಡಿತು.
ಬಿಚ್ಚಿ, ಟೈರು ಕಳಚಿ, ಹಗ್ಗ ಪೋಣಿಸಿ, ಒಂದು ಏಟು.
ಟಪ್.
ಮುಖ ಮರೆತೇನು. ಈ ದನಿಯ ಗುರುತಿತ್ತು.

ಉಪ್ಪುಕಾಗದ ಹಿಡಿದು ಉಜ್ಜಿದೆ.
ಕಪ್ಪಿನಡಿ ಬೂದು, ಬೂದಿನಡಿ ಬೆಸುಗೆಯ ಸಾಲು.
ಬೆಸೆದವನ ಕೈ ಕೆಟ್ಟದ್ದಲ್ಲ, ಅಷ್ಟು ನೇರ ನನಗೂ ಬಾರದು.
ಬೆಸುಗೆ ಹಾಗೇ ಇತ್ತು. ಬಿಟ್ಟದ್ದು ಪಕ್ಕದಲ್ಲಿ,
ಅದರ ಬಿಸಿ ತಾಗಿ ಮೆತ್ತಗಾದ ನೆರೆಯಲ್ಲಿ,
ಕೂದಲೆಳೆಯಷ್ಟು.
ಇಲ್ಲಿಂದ ಸಾಗರೆಜೋ, ಸಾಗರೆಜೋದಿಂದ ಇಲ್ಲಿ,
ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ
ಆ ಎಳೆಯ ಮೇಲೆ ಎಷ್ಟು ಸಲ ಹೋಗಿ ಬಂದಳೋ.

ಮೂಲೆಯಿಂದ ಉಕ್ಕಿನ ಹಳೆಯ ಚಕ್ರವೊಂದನ್ನು ಎಳೆದು ತಂದೆ.
"ಎಷ್ಟು ಕುರೂಪ" ಎಂದಳು.
"ಹೌದು. ಗುಂಡಿಗೆ ಬಿದ್ದರೆ ಬಾಗುತ್ತದೆ.
ಒಡೆಯುವ ಮೊದಲು ಹೇಳುತ್ತದೆ."

ಅವಳು ಕೈಚೀಲ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಳು.
"ಮಾರಿದ ಹುಡುಗ ಒಳ್ಳೆಯವನಂತಿದ್ದ.
ಒಂದು ಸೀಸೆ ಜೇನು ಕೂಡ ಕೊಟ್ಟ."
ಆಮೇಲೆ ಗಾಡಿಯ ಕಡೆ ತಿರುಗಿ
"ಉಳಿದ ಮೂರು?" ಎಂದಳು.

ಜಾಕಿ ತಂದೆ.
ಸುತ್ತಿಗೆ ಎಲ್ಲಿಟ್ಟೆನೋ ಎಂದು ಹುಡುಕಿದೆ,
ಕೈಯಲ್ಲೇ ಇತ್ತು.