ಹಿಡಿಕಿ

ಖದೀರ್ ಸೇಠ ಕಾಗದ ಹರವಿದ: ಓಕ್ಲಹೋಮಾ.
ಅಮೇರಿಕಾದ ಒಂದು ರಾಜ್ಯ ಅಂತ.
ಹನ್ನೆರಡು ತಾಟು ಬೇಕಂತ, ದೀಪಾವಳಿ ಒಳಗ.
ನನಗ ಕಂಡದ್ದು ರೊಟ್ಟಿ ಹಂಚು,
ಎಡಕ್ಕ ಉದ್ದನ್ನ ಹಿಡಿಕಿ.
"ಮುರದೀತು ಸೇಠ, ಜಸ್ತದ ಎರಕ, ಸಪೂರ ಅದ" ಅಂದೆ.
"ಅದೇ ಅದರ ಗುರುತು, ಮಾಣಿಕಬಾಯಿ."

ಓಣಿ ತುದಿಯ ವೈಜನಾಥ ಮಾಸ್ತರ,
ಬೀದರ ಸಾಲ್ಯಾಗ ಭೂಗೋಲ ಕಲಿಸಿ ರಿಟೈರ್ ಆದವ,
ಚಹಾಕ್ಕ ಬಂದು ಕಾಗದ ತಿರುವಿ ತಿರುವಿ ನೋಡಿದ.
"ಈ ಹಿಡಿಕಿ ಅದಲ್ಲ,
ಒಂದು ಕಾಲಕ್ಕ ಯಾರಿಗೂ ಬ್ಯಾಡಾದ ನೆಲ.
ಈ ಕಡಿಯವರು ಬಿಟ್ಟರು, ಆ ಕಡಿಯವರು ಹಿಡೀಲಿಲ್ಲ.
ನಲವತ್ತು ವರ್ಷ ಕಾಯ್ದೆ ಇಲ್ಲ, ಕಚೇರಿ ಇಲ್ಲ."

ಉಳಿ ನಿಂತಿತು ಕೈಯಾಗ.
ಐವತ್ತಾರರಾಗ ನಮಗೂ ಗೆರಿ ಹೊಡದಿದ್ದರು.
ಉದಗೀರಕ್ಕ ಕೊಟ್ಟಿದ್ದ ನಮ್ಮಜ್ಜಿ ತಂಗಿ
ಒಲಿ ಮುಂದ ಕುಂತಲ್ಲೇ
ಬ್ಯಾರೆ ರಾಜ್ಯದಾಕಿ ಆಗಿದ್ದಳು.
ಹಂಚು ಮಾತ್ರ ಅದೇ.

ಎರಕ ಆರಿತು. ಕಾನಸು ಹಚ್ಚಿ,
ಮೈಲುತುತ್ತ ಸವರಿ, ಗೆರಿ ಗೀಚಿದೆ.
ಮ್ಯಾಲಿನ ಅಂಚು ಸುಲಭ, ಪಟ್ಟಿ ಇಟ್ಟು ಎಳದದ್ದು.
ಕೆಳಗಿಂದು ಹೊಳಿ. ಕೆಂಪು ಹೊಳಿ ಅಂತ ಹೆಸರು.
ಬೆಳ್ಳಿ ತಂತಿ ಹೆಜ್ಜಿ ಹೆಜ್ಜಿಗೂ ಸೊಟ್ಟ,
ನಮ್ಮ ಮಾಂಜ್ರಾ ಹಂಗ,
ಎಲ್ಲಿ ಹೊಳ್ಳತದೋ ಯಾರಿಗೂ ಹೇಳಂಗಿಲ್ಲ.
ಒಂದು ತಾಟಿನ ಹೊಳಿಗೆ ಒಂದು ದಿನ ಹೋತು.

ಮಾಸ್ತರ ದಿನಾ ಬಂದ. ಹೇಳಿದ:
ಪೂರ್ವದ ಕಾಡಿನ ಮಂದೀನ ಸಿಪಾಯಿಗಳು ಎಬ್ಬಿಸಿ
ಚಳಿಗಾಲದಾಗ ನಡಿಸಿಕೊಂಡು ತಂದು ಇಲ್ಲಿ ಬಿಟ್ಟರಂತ.
ದಾರಿಗುಂಟ ಸತ್ತವರದು ಪೂರಾ ಲೆಕ್ಕ ಇಲ್ಲಂತ.
ಇದು ನಿಮ್ಮದೇ ಅಂತ ಕಾಗದ ಬರದುಕೊಟ್ಟು
ಅರವತ್ತು ವರ್ಷ ತುಂಬೂದರಾಗ
ಒಂದು ಮಧ್ಯಾಹ್ನ, ಬರೋಬ್ಬರಿ ಹನ್ನೆರಡಕ್ಕ,
ಬಂದೂಕು ಹಾರಿಸಿ
ಓಡ್ರಿ, ಸಿಕ್ಕಷ್ಟು ಹಿಡೀರಿ ಅಂದರಂತ.
ಕುದುರಿ, ಗಾಡಿ, ಸೈಕಲ್ಲು ಸುದ್ದಾ.
ಸಂಜಿಗೆ ಬಯಲಿಗೆ ಬಯಲೇ ಡೇರೆ.

"ಓಕ್ಲ ಅಂದ್ರ ಮಂದಿ. ಹುಮ್ಮ ಅಂದ್ರ ಕೆಂಪು.
ಅವರು ಇನ್ನೂ ಅದಾರ, ಹೋಗಿಲ್ಲ" ಅಂದ,
ನಾನೇ ಕಳಸಿಬಿಟ್ಟೀನೇನೋ ಅನ್ನೂಹಂಗ.

ಆಮ್ಯಾಲ ತುಲ್ಸಾ ಅಂಬೋ ಊರು.
ಕರಿಯರ ಓಣಿ, ಅಂಗಡಿ, ದವಾಖಾನಿ,
ಎರಡು ದಿನದಾಗ ಬೂದಿ.
ಅಷ್ಟು ಹೇಳಿ ಮಾಸ್ತರ ಕಪ್ಪು ಕೆಳಗಿಟ್ಟ.
ಯಾಕೂಬ್ ಉಸ್ತಾದ ಮೂಲ್ಯಾಗ ತಂತಿ ಕತ್ತರಸ್ತಿದ್ದ,
ಕತ್ತರಿ ಸಪ್ಪಳ ನಿಂತಿತು.
ನಮ್ಮ ಕಡಿಗೂ ಅಂಥದೊಂದು ವರ್ಷ ಅದ.
ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.
ಹೊರಗ ಗ್ಯಾಸಿನ ಗಾಡಿ ಹಾಡು ಹಾಕ್ಕೊಂಡು ಹೋತು.

ನಡುವ ಕತ್ತರಿ ಬಾಲದ ಹಕ್ಕಿ ಬೇಕಂತ ಬರದಿದ್ದರು,
ಆ ರಾಜ್ಯದ ಹಕ್ಕಿ. ಕೂಡಿಸಿದೆ.
ತಾಟಿನ ಬೆನ್ನಿಗೆ, ಯಾರೂ ನೋಡದ ಕಡಿ,
ಸಣ್ಣ ಸಣ್ಣ ಚುಕ್ಕಿ ಇಟ್ಟೆ,
ಬಲದಿಂದ ಎಡಕ್ಕ, ಸಾಲಾಗಿ.
ಬೆಳ್ಳಿ ಇಲ್ಲ. ಬರೇ ಉಳಿ ಗುರುತು.

ಕಡೀಕ ಕೋಟಿ ಮಣ್ಣು.
ಬಿಸಲು ಮಳಿ ತಾಕದ ಮೂಲಿದು,
ನಾಲಿಗಿ ಮ್ಯಾಲಿಟ್ಟು ಆರಿಸಿ ತರಬೇಕು.
ಉಪ್ಪೂ ಅಲ್ಲ, ಒಗರೂ ಅಲ್ಲ. ಉಸ್ತಾದ ಕಲಿಸಿದ್ದು.
ನವಸಾಗರ ಕೂಡಿಸಿದ ಕುದಿಯೋ ನೀರಿಗೆ ಬಿಟ್ಟರ
ಜಸ್ತ ಕರ್ರಗಾತು. ಹೊಳಿ ಬೆಳ್ಳಗ ಉಳೀತು.
ಅಲ್ಲಿ ಮಣ್ಣು ಕೆಂಪಂತ,
ಒಂದು ಸಲ ಎದ್ದು ಹಾರಿ
ಹಗಲು ದೀಪ ಹಚ್ಚಿಸಿತ್ತಂತ.
ಇರಬಹುದು. ನಾಲಿಗಿ ಮ್ಯಾಲಿಡದ ಮಣ್ಣಿನ ಬಗ್ಗೆ
ನಾ ಏನು ಹೇಳಲಿ?

ಸೇಠ ಬೆನ್ನು ತಿರುವಿದ. "ಇದೇನು?"
"ಡಿಸೈನು."
"ಹನ್ನೊಂದೇ ಅವಲ್ಲ?"
"ಹೇಳಿದ್ದೆನಲ್ಲ, ಮುರದೀತು ಅಂತ."

ಮುರದ ಹಿಡಿಕಿ ಗೂಡಿನ್ಯಾಗ ಅದ,
ಎರಡು ಬೆರಳು ಅಗಲ, ಯಾರಿಗೂ ಬ್ಯಾಡಾದ ನೆಲ.
ಕರಗಿಸಬೇಕು, ಜಸ್ತ ತುಟ್ಟಿ ಆಗ್ಯದ.
ಈ ವಾರ ಬ್ಯಾಡ.